ಹಗ್ಗದಾಚೆಗೆ ಹೇಳಿದ ಅರ್ಥ

ಯಳವಿ ಊರಿನ ಹರಿಬಾನ ಕೊಡದ ಮೇಲೆ ಶಂಕರಲಿಂಗ ತಪ್ಪಿ ಬೆಳುಂಕಿ ಊರಿನ ಹೆಸರು ಕೊರೆದುಬಿಟ್ಟಿದ್ದ. ಕೊರೆಯುವ ಮಷೀನಿನ ಗುಂಯ್ ಎಂಬ ಸದ್ದು ನಿಂತು, ಹಿತ್ತಾಳೆಯ ಪುಡಿಯನ್ನು ಬಟ್ಟೆಯಿಂದ ಒರೆಸಿದ ಮೇಲೆ ಅಕ್ಷರಗಳು ಮೇಲೆದ್ದು ಬಂದವು. ಗಡಿಯ ಊರಿನ ಮರಾಠಿ ಅಕ್ಷರ, ದುಂಡಗೆ, ಒಂದಕ್ಕೊಂದು ತಾಗದಂತೆ, ಮೂವತ್ತೈದು ವರ್ಷ ಭಾಂಡೆಗಳ ಮೇಲೆ ಹೆಸರು ಹಾಕಿದ ಕೈಯ ಅಕ್ಷರ. ತಪ್ಪು ಕೂಡ ಅಷ್ಟೇ ಚೆಂದಾಗಿ ಕೂತಿತ್ತು. ಸಂಖ ಊರಿಗೆ ಕೊಟ್ಟ ಮಗಳ ಮನೆಯಲ್ಲಿ ತೊಟ್ಟಿಲ ಕಾರ್ಯವಿದೆಯೆಂದು ಹರಿಬಾ ಬೆಳಿಗ್ಗೆಯ ಬಸ್ಸಿಗೇ ಬಂದಿದ್ದ. ಕೊಡವನ್ನು ಎರಡೂ ಕೈಯಲ್ಲಿ ಎತ್ತಿ, ಕೂಸಿನ ಮುಖ ನೋಡುವ ಹಾಗೆ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ.

"ಹರಿಬಾ... ಬೆಳುಂಕಿ. ಅಲ್ರೀ ಸಾವಕಾರ, ನಾ ಯಳವ್ಯಾಂವ. ನನ್ನ ಯಾವಾಗ ಬೆಳುಂಕಿಯವರಿಗಿ ದತ್ತಕ ಕೊಟ್ರಿ?"

"ತಪ್ಪಾತು ಹರಿಬಾ. ಬ್ಯಾರೆ ಕೊಡಾ ಕೊಡ್ತೀನಿ."

"ಕೊಡ್ರಿ ಕೊಡ್ರಿ. ಖರೇ ಈ ಕೊಡಾ ಏನ ಮಾಡ್ತೀರಿ? ಬೆಳುಂಕ್ಯಾಗ ಇನ್ನೊಬ್ಬ ಹರಿಬಾ ಹುಟ್ಟೂತನಕಾ ಇಟಗೊಂಡ ಕುಂದರ್ತೀರೇನು?"

ಅಂಗಡಿಯಲ್ಲಿದ್ದ ಇನ್ನಿಬ್ಬರು ಹೆಂಗಸರು ನಕ್ಕರು. ಶಂಕರಲಿಂಗನೂ ನಗಬೇಕಾಯಿತು. ಬೇರೆ ಕೊಡ ತೆಗೆದು, ಊರ ಹೆಸರನ್ನು ಮೊದಲು ಚೀಟಿಯ ಮೇಲೆ ಬರೆದುಕೊಂಡು, ಅಕ್ಷರ ಕಲಿಯಲು ಸಾಲಿಗೆ ಹೊಸದಾಗಿ ಬಂದ ಹುಡುಗನಂತೆ ಅದನ್ನು ನೋಡಿ ನೋಡಿ ಕೊರೆದ. ಕೆಟ್ಟ ಕೊಡವನ್ನು ಮೇಲಿನ ಹಲಗೆಯ ಮೇಲೆ, ಹೆಸರು ಗೋಡೆಯ ಕಡೆ ಬರುವಂತೆ ತಿರುಗಿಸಿ ಇಟ್ಟ.

ಬೆಳುಂಕಿ ಎಂಬುದು ಕೈಗೆ ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ರೊಟ್ಟಿ ಬಡಿಯುತ್ತ ವೈನಿ ಹೇಳಿದ್ದಳು. "ಶಂಕ್ರಪ್ಪಾ, ಇವತ್ತ ಊಟಕ್ಕ ಬಂದಾಂವ ಹಂಗ ಕುಂದರು, ಅಂಗಡಿಗಿ ಓಡಬ್ಯಾಡ. ನಿನ್ನಿ ಅರ್ಧಾ ನೋಡೀವಿ, ಇವತ್ತ ಉಳದದ್ದು. ಸಿನೇಮಾ ಹೊಸಾದು, ಖರೇ ಬುಡಾ ಎಲ್ಲಾ ನಾವು ಟಾಕೀಸಿನ್ಯಾಗ ನೋಡಿದ್ದ ಸಿನೇಮಾದ್ದು. ನೀ ಅರ್ಥಾ ಹೇಳಿದ್ದೆಲ್ಲ, ಅದ. ಬೆಂಚ ಐತಿ, ಗಾಡಿ ಐತಿ, ಇಬ್ಬರ ನಡಕ ಛತ್ರಿ ಸೈತ ಐತಿ." ವೈನಿ ಎಂದರೆ ತೀರಿಹೋದ ಅಣ್ಣ ಈಶ್ವರನ ಹೆಂಡತಿ ದಾಕ್ಷಾಯಣಿ. ಅರವತ್ತಾರರ ಮುದುಕಿ, ಈ ಮನೆಗೆ ಬಂದು ನಲವತ್ತಾರು ವರ್ಷ, ಅದರಲ್ಲಿ ಗಂಡನೊಡನೆ ಬಾಳಿದ್ದು ಮೂರು. ರೊಟ್ಟಿಯ ಮೇಲೆ ನೀರು ಸವರುತ್ತ ಅವಳು ಇಷ್ಟನ್ನೂ ಹುರುಪಿನಿಂದ ಹೇಳಿದಾಗ ಶಂಕರಲಿಂಗ ಕೈಯಲ್ಲಿದ್ದ ತುತ್ತನ್ನು ತಿರುಗಿ ತಾಟಿಗೆ ಇಟ್ಟಿದ್ದ. ನಲವತ್ತೊಂದು ವರ್ಷದ ಹಿಂದೆ ಆ ಟಾಕೀಸಿನ ಸಿನೆಮಾದ ಕೊನೆಯನ್ನು ಅವನು ಅವಳಿಗೆ ಸುಳ್ಳು ಹೇಳಿದ್ದ. ಅದನ್ನು ನಂಬಿ ಅವಳು ಬೆಳುಂಕಿಯಿಂದ ತನ್ನನ್ನು ಮದುವೆಗೆ ಕೇಳಲು ಬಂದ ಒಬ್ಬ ಗಂಡಸನ್ನು ತಿರುಗಿ ಕಳಿಸಿದ್ದಳು. ಇಂದು ಮಧ್ಯಾಹ್ನ ಮೂರು ಗಂಟೆಗೆ ಅದೇ ಕೊನೆ ಕನ್ನಡದಲ್ಲಿ ಮಾತಾಡಲಿತ್ತು.

ಅರ್ಥ ಹೇಳುವುದು ಆ ಮನೆಗೆ ಹೊಸತಲ್ಲ. ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯವನ್ನು ರಾಗವಾಗಿ ಓದಿ ನಿಲ್ಲುತ್ತಾರೆ, ಇನ್ನೊಬ್ಬರು ಅದರ ಅರ್ಥ ಹೇಳುತ್ತಾರೆ, ಜನ ತಲೆದೂಗುತ್ತಾರೆ, ಮತ್ತೆ ಪದ್ಯ. ಓದುವವರ ರಾಗ ತಪ್ಪಿದರೆ ಹಿಂದೆ ಕೂತ ಮುದುಕರು ಕೆಮ್ಮುವುದುಂಟು. ಅರ್ಥ ಹೇಳುವವರನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಪದ್ಯ ದೇವರದು, ಅರ್ಥ ನಮ್ಮದು ಎಂದು ಅಪ್ಪ ಅನ್ನುತ್ತಿದ್ದ; ಅಪ್ಪನ ತೊಡೆಗೆ ಒರಗಿ, ತಿಳಿಯದ ಪದ್ಯವು ತಿಳಿಯುವ ಮಾತಾಗಿ ಇಳಿದು ಬರುವುದನ್ನು ಕೇಳುತ್ತ ಶಂಕರಲಿಂಗ ಬೆಳೆದ. ಈಗ ಹನ್ನೆರಡು ವರ್ಷಗಳಿಂದ ಆ ಜಾಗ ಅವನದೇ. ಓದುವವರು ಅಪ್ಪಾಸಾಬ ಮಾಸ್ತರರು, ಅರ್ಥ ಹೇಳುವವನು ಶಂಕರಲಿಂಗ. ಬೇರೆ ಊರುಗಳಿಂದಲೂ ಕೇಳಲು ಬರುತ್ತಾರೆ. "ಶಂಕ್ರಪ್ಪಗೋಳು ಹೇಳಿದ್ರಂದ್ರ ಮುಗೀತು" ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗೆಲ್ಲ ಅವನು ಸೊಂಟದ ಹತ್ತಿರ ಧೋತರದ ಗಂಟನ್ನು ಮುಟ್ಟಿ ನೋಡಿಕೊಳ್ಳುತ್ತಾನೆ, ಬಿಚ್ಚಿದೆಯೇನೋ ಎಂಬಂತೆ.

ಟೂರಿಂಗ್ ಟಾಕೀಸಿನ ತಂಬು ಊರ ಹೊರಗಿನ ಬಯಲಿಗೆ ಬಂದ ವರ್ಷ ಅವನಿಗೆ ಹದಿನೆಂಟು. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಒಂದು ಹಗ್ಗ. ಹಿಂದಿ, ಮರಾಠಿ ಸಿನೆಮಾಗಳೇ ಹೆಚ್ಚು. ಹೆಂಗಸರಲ್ಲಿ ಅರ್ಧಕ್ಕರ್ಧ ಕನ್ನಡದವರು, ಹಿಂದಿ ಬಾರದು. ಅದಕ್ಕೆ ಸಾಲಿ ಕಲಿತ ಮನೆಯ ಗಂಡುಮಕ್ಕಳು ಹಗ್ಗಕ್ಕೆ ಒತ್ತಿ ಕೂತು, ತಮ್ಮ ತಾಯಿ ಅಕ್ಕಂದಿರಿಗೆ ಅರ್ಥ ಹೇಳುವ ರೂಢಿ ಬಿದ್ದಿತ್ತು. ತೆರೆಯ ಮೇಲೆ ಒಬ್ಬ ಮಾತಾಡಿದರೆ ಹಗ್ಗದುದ್ದಕ್ಕೂ ಹತ್ತು ಪಿಸುಮಾತು ಏಳುತ್ತಿತ್ತು. ಚಡಚಣದ ಕಡೆಯ ವೈನಿಗೆ ಆಗ ಮರಾಠಿಯೂ ಅಷ್ಟಕ್ಕಷ್ಟೆ. ಅಣ್ಣ ಬಾವಿಯ ಮೋಟಾರಿನ ಕರೆಂಟು ಹೊಡೆದು ಸತ್ತು ಎರಡು ವರ್ಷವಾಗಿತ್ತು. ಅಪ್ಪ ಹೋಗಿಬರಲಿ ಬಿಡು ಎಂದಿದ್ದ. ಜೊತೆಗೆ ನೆರೆಮನೆಯ ಯಮನವ್ವ ಬಂದಳು; ಬಂದವಳು ಮೊದಲ ಹಾಡಿಗೇ ಗೊರಕೆ ಹೊಡೆದಳು. ಹಳೆಯ ಕಪ್ಪು ಬಿಳುಪು ಹಿಂದಿ ಚಿತ್ರ, ಅಲ್ಲಲ್ಲಿ ಹರಿದು ಅಂಟಿಸಿದ್ದು. ಸಣ್ಣದೊಂದು ಸ್ಟೇಷನ್ನು, ದಿನಕ್ಕೊಂದೇ ಗಾಡಿ. ಟಿಕೇಟು ಕೊಡುವ ನಡುವಯಸ್ಸಿನ ಗುಮಾಸ್ತ. ಆಚೆ ಊರಿನ ಸಾಲಿಯಲ್ಲಿ ಕಲಿಸಲು ಹೋಗುವ ವಿಧವೆ ಮಾಸ್ತರಬಾಯಿ. ಒಂದೇ ಬೆಂಚು. ನಡುವೆ ಗುಮಾಸ್ತನ ಛತ್ರಿ. ಅರ್ಧ ಸಿನೆಮಾ ಮುಗಿದರೂ ಇಬ್ಬರೂ ಮಾತಾಡಲಿಲ್ಲ. ಶಂಕರಲಿಂಗನಿಗೆ ಕೆಲಸವೇ ಇರಲಿಲ್ಲ. "ಈಗೇನಂದ್ರು?" ಎಂದು ವೈನಿ ಹಗ್ಗದಾಚೆಯಿಂದ ಕೇಳುವಳು. "ಏನೂ ಅನ್ನಲಿಲ್ಲ." "ಈಗ?" "ಈಗೂ ಇಲ್ಲ." ಆಮೇಲೆ ಅವಳು ಕೇಳುವುದನ್ನೇ ಬಿಟ್ಟು, ಸೆರಗಿನ ತುದಿಯನ್ನು ಹಲ್ಲಲ್ಲಿ ಹಿಡಿದು ನೋಡುತ್ತಿದ್ದಳು, ತೆರೆಯ ಬೆಳಕು ಅವಳ ಮುಖದ ಮೇಲೆ ಬಂದು ಹೋಗುತ್ತಿತ್ತು. ಅರ್ಥ ಹೇಳುವವನ ಹಂಗಿಲ್ಲದೆ ಅವಳಿಗೆ ಎಲ್ಲವೂ ತಿಳಿಯುತ್ತಿದೆ ಎಂಬುದು ಆ ಮುಖದಲ್ಲಿತ್ತು. ಅದನ್ನು ಕಂಡು ಅವನಿಗೆ ಸಿಟ್ಟು ಬಂದಿತ್ತು. ಸಿಟ್ಟು ಎಂದು ಆಗ ತಿಳಿದಿರಲಿಲ್ಲ.

ಅದರ ಹಿಂದಿನ ದಿನವೇ ಬೆಳುಂಕಿಯ ಅಮೋಘಸಿದ್ದಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದು ಕಟ್ಟೆಯ ಮೇಲೆ ಕೂತಿದ್ದ. ಹೆಂಡತಿ ತೀರಿಕೊಂಡವನು, ಮಕ್ಕಳಿಲ್ಲ, ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಹುಬ್ಬಿನ ಮೇಲೆ ಎಷ್ಟು ತೊಳೆದರೂ ಹೋಗದ ಬಿಳಿ. ಗಂಡ ಸತ್ತವಳಿಗೆ ಸೀರೆ ಉಡಿಸಿ ಕರೆದುಕೊಂಡು ಹೋಗುವ ಉಡಿಕಿ ಅವರಲ್ಲಿ ನಡೆಯುತ್ತದೆ, ಅವಮಾನವೇನಲ್ಲ. ಅಪ್ಪ, "ಅಕಿ ಮನಸ್ಸಿದ್ದಂಗ. ಸೋಮವಾರ ಹೇಳ್ತೀವಿ" ಎಂದ. ಹೊರಡುವಾಗ ಅಮೋಘಸಿದ್ದಪ್ಪ ನೀರು ಕೇಳಿದ. ವೈನಿ ಚರಿಗೆ ತಂದು ಕಟ್ಟೆಯ ಮೇಲಿಟ್ಟಳು. ಕುಡಿದು, ಅವನೇ ಮೂಲೆಯ ನೀರಿನ ಹೌದಿಯ ಹತ್ತಿರ ಹೋಗಿ ಚರಿಗೆ ತೊಳೆದು, ಒರಸಿ, ಬೋರಲು ಹಾಕಿ ಇಟ್ಟು ಹೋದ. ಆ ಮನೆಯ ಗಂಡಸರು ಯಾರೂ ಅಂದಿನವರೆಗೆ ತಾವು ಕುಡಿದ ಚರಿಗೆ ತೊಳೆದಿರಲಿಲ್ಲ. ಬಾಗಿಲ ಮರೆಯಿಂದ ವೈನಿ ಅದನ್ನು ನೋಡಿದ್ದಳು, ವೈನಿ ನೋಡಿದ್ದನ್ನು ಶಂಕರಲಿಂಗ ನೋಡಿದ್ದ. ಅವ್ವ ಸತ್ತ ಮನೆ. ವೈನಿ ಹೋದರೆ ಅಪ್ಪ, ತಾನು, ಎರಡು ಎಮ್ಮೆ. ಸಂಜೆ ಕಂದೀಲಿನ ಗಾಜು ಒರೆಸುತ್ತ, "ಶಂಕ್ರಪ್ಪಾ, ಇವತ್ತ ಸಾಲ್ಯಾಗ ಏನ ಕಲಿಸಿದ್ರು, ನನಗೂ ಹೇಳು" ಎನ್ನುವವರಿಲ್ಲ. ಅದನ್ನು ಆಸೆ ಎಂದರೆ ದೊಡ್ಡದಾಗುತ್ತದೆ, ಹೊಟ್ಟೆಪಾಡು ಎಂದರೆ ಸಣ್ಣದಾಗುತ್ತದೆ. ನಡುವಿನ ಹೆಸರು ಅವನಿಗೆ ಇಂದಿಗೂ ಸಿಕ್ಕಿಲ್ಲ.

ಕೊನೆಗೆ ಸ್ಟೇಷನ್ನಿಗೆ ಗಾಡಿ ಬಂತು. ಬಂದು ನಿಂತಿತು. ಇಬ್ಬರೂ ಏಳಲಿಲ್ಲ. ಗಾಡಿ ಹೋಯಿತು. ಬೆಂಚಿನ ಮೇಲೆ ಇಬ್ಬರೇ. ಆಗ ಮಾಸ್ತರಬಾಯಿ ಇಡೀ ಸಿನೆಮಾದಲ್ಲಿ ಅವನೊಡನೆ ಆಡಿದ ಒಂದೇ ಒಂದು ಮಾತು ಆಡಿದಳು. ಈ ಗಾಡಿ ಹೋಗಲಿ, ನಾಳೆಯ ಗಾಡಿಗೆ ಇಬ್ಬರೂ ಕೂಡಿ ಹೋಗೋಣ. ಇಷ್ಟೇ. ಹಗ್ಗದಾಚೆಯಿಂದ ವೈನಿ, ಬಹಳ ಹೊತ್ತಿನ ಮೇಲೆ, ಕೇಳಿದಳು. "ಏನಂದ್ಲು?" ಶಂಕರಲಿಂಗ ಪುರಾಣದವರಂತೆ ಒಂದು ಗಳಿಗೆ ತಡೆದು ಹೇಳಿದ. "ನಮ್ಮ ಗಾಡಿ ಹೋತು. ಇನ್ನ ನಿಮ್ಮ ಮನಿಗಿ ನೀವು, ನಮ್ಮ ಮನಿಗಿ ನಾವು. ಹಂಗಂದ್ಲು." ತೆರೆ ಬಿಳಿಯಾಯಿತು. ಯಮನವ್ವ ಎದ್ದು, "ಮುಗೀತೇನವಾ, ಚಂದಿತ್ತು" ಎಂದಳು. ಸೋಮವಾರ ಅಪ್ಪ ಕೇಳಿದಾಗ ವೈನಿ ಎಮ್ಮೆಗೆ ಮೇವು ಹಾಕುತ್ತಿದ್ದಳು. "ಬ್ಯಾಡ್ರಿ ಮಾವಾರ. ಹ್ವಾದ ಗಾಡಿ ಹಿಂದ ಓಡಬಾರದು" ಎಂದಳು. ಅಪ್ಪನಿಗೆ ಆ ಮಾತು ಎಲ್ಲಿಯದೆಂದು ತಿಳಿಯಲಿಲ್ಲ. ವಿವೇಕದ ಮಾತೆಂದು ಊರೆಲ್ಲ ಹೇಳಿಕೊಂಡು ಬಂದ.

ಇಂದು ಊಟದ ಹೊತ್ತಿಗೆ ಅಂಗಡಿಯಿಂದ ಬಿಸಿಲಿನಲ್ಲಿ ಮನೆಯ ಕಡೆ ನಡೆಯುತ್ತ ಶಂಕರಲಿಂಗ ಉಪಾಯಗಳನ್ನು ಯೋಚಿಸಿದ. ಸೊಸೆ ಉಮಾಶ್ರೀಯ ಮೊಬೈಲನ್ನು ಏನಾದರೂ ನೆವ ಮಾಡಿ ಅಂಗಡಿಗೆ ತಂದುಬಿಡಬಹುದು. ಮಗ ಮಿರಜಕ್ಕೆ ಮಾಲು ತರಲು ಹೋಗಿದ್ದಾನೆ, ಏನೋ ಲಗೂನ ಕಳಿಸಬೇಕಂತೆ ಎನ್ನಬಹುದು. ಹಿಂದೊಮ್ಮೆ ಇಂಥದೇ ಒಂದು ಉಪಾಯ ಮಾಡಿದ್ದ. ಒಂದು ರವಿವಾರ ಸಂಜೆ ಅದೇ ಹಳೆಯ ಚಿತ್ರ ಟೀವಿಯಲ್ಲಿ ಬರುತ್ತದೆಂದು ಗೊತ್ತಾಗಿತ್ತು. ವೈನಿ ಆಗ ಧಾರಾವಾಹಿ ನೋಡಿ ನೋಡಿ ಹಿಂದಿ ಕಲಿತಿದ್ದಳು. ಅವನು ಮಾಳಿಗೆ ಹತ್ತಿ ಆ್ಯಂಟೆನಾ ತಿರುಗಿಸಿ, ಎರಡೂವರೆ ತಾಸು ಅದರ ಕೋಲನ್ನು ತಬ್ಬಿಕೊಂಡು ನಿಂತ. ಕೆಳಗಿನಿಂದ ವೈನಿ, "ಬಂತು... ಬಂತು... ಹೋತು ನೋಡು!" ಎಂದು ಕೂಗುತ್ತಿದ್ದಳು. "ಬೆಂಚ ಕಾಣಾಕತ್ತೈತಿ, ಹಂಗ ಹಿಡಿ, ಅಲುಗಬ್ಯಾಡ!" ಎಂದಾಗ ಅವನು ಅಲುಗಿದ. ಅವನ ಹೆಂಡತಿ ಚಂದ್ರಾಬಾಯಿ ಆಗಿನ್ನೂ ಇದ್ದಳು. ಕೆಳಗೆ ಇಳಿದು ಬಂದವನ ಅಂಗೈಯಲ್ಲಿ ತುಕ್ಕಿನ ಗೆರೆ ನೋಡಿ, "ಇಷ್ಟ ಜ್ವಾಕಿ ಯಾವ ಕೆಲಸಕ್ಕೂ ಮಾಡಲಿಲ್ಲ ನೀವು" ಎಂದಿದ್ದಳು. ವೈನಿ ಅವನ ಕೈಗೆ ಎಣ್ಣೆ ಹಚ್ಚಿದಳು. ತನಗಾಗಿ ಇಷ್ಟು ಹೊತ್ತು ಮಾಳಿಗೆಯ ಮೇಲೆ ನಿಂತನಲ್ಲ ಎಂದು.

ಹೋದ ಚೈತ್ರದಲ್ಲಿ ಅಮೋಘಸಿದ್ದಪ್ಪ ತೀರಿಕೊಂಡ ಸುದ್ದಿ ಬಂತು. ಅವನು ಮರುವರ್ಷವೇ ಬೇರೆ ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳಾಗಿ, ತುಂಬಿದ ಮನೆಯಲ್ಲಿ ಸತ್ತಿದ್ದ. ಸುದ್ದಿ ಹೇಳಿದಾಗ ವೈನಿ, "ಹೌದಾ" ಎಂದಳು. ಆಮೇಲೆ, "ಕುಡದ ಚರಗಿ ತೊಳದಿಟ್ಟಿದ್ದ" ಎಂದಳು. ಅಷ್ಟೆ. ಆದರೆ ಆ ದಿನದಿಂದ ಶಂಕರಲಿಂಗನಿಗೆ ಹೇಳಿಬಿಡುವುದೂ ಸುಲಭವಾಗಿ ಉಳಿಯಲಿಲ್ಲ. ಆ ಮನುಷ್ಯ ಬದುಕಿದ್ದಾಗ ಹೇಳಿದ್ದರೆ ತಪ್ಪೊಪ್ಪಿಗೆಯಾಗುತ್ತಿತ್ತು. ಈಗ ಹೇಳಿದರೆ ತನ್ನ ಎದೆಯ ಕಲ್ಲನ್ನು ತೆಗೆದು ಅವಳ ತಲೆಯ ಮೇಲೆ ಇಟ್ಟಂತೆ. ನಲವತ್ತೊಂದು ವರ್ಷ ಅವಳು ಆ ಒಂದು ಮಾತಿಗೆ ಒರಗಿ ಕೂತಿದ್ದಾಳೆ. ಸಿನೆಮಾದಂಥ ಸಿನೆಮಾದಲ್ಲೇ ಒಂಟಿ ಜೀವಗಳು ತಂತಮ್ಮ ಮನೆಗೆ ಹೋದವು ಎಂದು.

ಆದರೂ ಊಟಕ್ಕೆ ಕೂತಾಗ ಹೇಳಿಬಿಡಬೇಕೆಂದು ನಿಶ್ಚಯಿಸಿದ. "ವೈನಿ" ಎಂದ. "ಬ್ಯಾಳಿ ಉಪ್ಪಾಗೇತೇನು?" ಎಂದಳು. "ಇಲ್ಲ." "ಮತ್ತ?" "ಚಲೋ ಆಗೇತಿ." ಅವಳು ಇನ್ನೊಂದು ಸೌಟು ಹಾಕಿದಳು. ಮಾತು ಬೇಳೆಯ ಕೆಳಗೆ ಹೋಯಿತು.

ಉಮಾಶ್ರೀ ಮೊಬೈಲಿನಿಂದ ಟೀವಿಗೆ ಹಚ್ಚಿದಳು. ವೈನಿ ಬರಿಗೈಯಲ್ಲಿ ಸಿನೆಮಾ ನೋಡುವವಳಲ್ಲ. ತೊಗರಿಬೇಳೆಯ ಮೊರ ಮುಂದಿಟ್ಟುಕೊಂಡು, ಕಂಬಕ್ಕೆ ಒರಗಿ, ಕಣ್ಣು ಟೀವಿಯ ಮೇಲಿದ್ದರೂ ಬೆರಳಿನಿಂದಲೇ ಹರಳು ಹುಡುಕುತ್ತಿದ್ದಳು. ದೊಡ್ಡ ಶಹರು, ಮೇಲೆ ಓಡುವ ರೈಲು. ಮನೆ ಮನೆಗೆ ಊಟ ಮುಟ್ಟಿಸುವ ಹುಡುಗ, ದವಾಖಾನೆಯ ನರ್ಸ್ ಹುಡುಗಿ. ಒಂದೇ ಬೆಂಚು. ನಡುವೆ ಛತ್ರಿ, ಬಣ್ಣದ್ದು, ಮಡಿಸಿದರೆ ಗೇಣುದ್ದ ಆಗುವಂಥದು. ಇಬ್ಬರೂ ತಂತಮ್ಮ ಫೋನಿನಲ್ಲಿ ಯಾರೊಂದಿಗೋ ಬರೆಯುತ್ತ ಕೂತಿದ್ದಾರೆ. ಒಬ್ಬರಿಗೊಬ್ಬರು ಬರೆಯುತ್ತಿದ್ದಾರೆಂದು ಇಬ್ಬರಿಗೂ ಗೊತ್ತಿಲ್ಲ.

"ಅಯ್ಯ, ಪಕ್ಕಕ್ಕ ಹೊಳ್ಳಿ ನೋಡಬಾರದೇನ ಹುಚ್ಚಪ್ಪ," ಎಂದಳು ವೈನಿ.

"ಹೊಳ್ಳಿ ನೋಡಿದ್ರ ಸಿನೇಮಾ ಮುಗೀತದ್ರಿ ದೊಡ್ಡತ್ತಿ," ಉಮಾಶ್ರೀ ನಕ್ಕಳು. "ಈಗ ಬರೂವೆಲ್ಲಾ ಹಿಂಗರೀ. ಹಳೀ ಕಥೀಗಿ ಹೊಸಾ ಅಂಗಿ ತೊಡಸ್ತಾರು. ಅವರಿಗೂ ಹೊಸಾದು ಹೊಳ್ಯಾಂಗಿಲ್ಲ."

"ಹೊಸಾದು ಎಲ್ಲಿಂದ ತರಬೇಕವ್ವ? ನಾವು ವರ್ಷಾ ವರ್ಷಾ ಒಂದ ಪುರಾಣ ಹಚ್ಚೂದಿಲ್ಲೇನು? ಒಂಟಿ ಇರೂ ದುಃಖಕ್ಕ ಹೊಸಾದು ಹಳೀದು ಐತೇನು. ಹೌದಿಲ್ಲೋ ಶಂಕ್ರಪ್ಪಾ?"

ಅವನು ಹ್ಞೂಂ ಎಂದ. ಹಳೆಯ ಸ್ಟೇಷನ್ನಿನಲ್ಲಿ ಜನರೇ ಇರಲಿಲ್ಲ, ಆದ್ದರಿಂದ ಆ ಇಬ್ಬರು ಒಂಟಿಯಾಗಿದ್ದದ್ದು ಸಹಜವಿತ್ತು. ಇದರಲ್ಲಿ ಬೆಂಚಿನ ಮುಂದೆ ಸಾವಿರ ಕಾಲುಗಳು ಓಡುತ್ತಿದ್ದವು. ಆದರೂ ಬೆಂಚು ಅಷ್ಟೇ ಬರಿದು. ಅವರಿಗೆ ಮಾತೇ ಇರಲಿಲ್ಲ, ಇವರಿಗೆ ಫೋನಿನ ತುಂಬ ಮಾತು. ಛತ್ರಿ ಮಾತ್ರ ಇದ್ದಲ್ಲೇ ಇದೆ. ಇಷ್ಟನ್ನೂ ಅವನು ಮಠದಲ್ಲಿ ಅರ್ಥ ಹೇಳುವ ತನ್ನ ದನಿಯಲ್ಲಿಯೇ ತನಗೆ ಹೇಳಿಕೊಂಡ. ಆ ದನಿ ಎಂದೂ ತಡವರಿಸುವುದಿಲ್ಲವೆಂಬುದು ಅವನಿಗೆ ಮೊದಲ ಸಲ ಹೇಸಿಗೆ ತಂದಿತು.

ರೈಲು ಬಂತು. ಬಾಗಿಲು ತೆರೆಯಿತು. ಜನ ಹತ್ತಿದರು, ಇಳಿದರು. ಇಬ್ಬರೂ ಏಳಲಿಲ್ಲ. ವೈನಿಯ ಬೆರಳು ಮೊರದಲ್ಲಿ ನಿಂತಿತು. ಬಾಗಿಲು ಮುಚ್ಚಿ ರೈಲು ಹೋಯಿತು, ಅದರ ಹಿಂದೆಯೇ ಮಳೆ ಬಂತು, ಹಾಡು ಬಂತು. ಹುಡುಗಿ ಅತ್ತ ಬೆಂಗಳೂರಿನ ಕನ್ನಡದಲ್ಲಿ, "ಈ ರೈಲು ಹೋಗಲಿ ಬಿಡಿ. ನಾಳೆ ಒಟ್ಟಿಗೆ ಹೋಗೋಣ" ಎಂದಳು. ಇಬ್ಬರೂ ಛತ್ರಿ ಬಿಚ್ಚಿ ಅದರ ಕೆಳಗೆ ನಿಂತರು. ಉಮಾಶ್ರೀ ಕಣ್ಣು ಒರೆಸಿಕೊಂಡಳು. ಶಂಕರಲಿಂಗ ತನ್ನ ಪಾದಗಳನ್ನು ನೋಡುತ್ತಿದ್ದ.

"ಛೇ," ಎಂದಳು ವೈನಿ. "ಕೆಡಿಸಿಬಿಟ್ರು."

"ಯಾಕ್ರಿ? ಕೂಡಿದ್ರಲ್ಲ!"

"ಕೂಡೂದ ತಪ್ಪವ್ವ. ಹಳೀದರಾಗ ಕಡೀಕ ಮಳಿ ಇರಲಿಲ್ಲ, ಹಾಡೂ ಇರಲಿಲ್ಲ. ಗಾಡಿ ಹೋತು. ಅಕಿ ಏನಂದ್ಲು ಗೊತ್ತೈತೇನು?" ವೈನಿ ಒಂದು ಗಳಿಗೆ ತಡೆದಳು. ಹಗ್ಗದ ಈಚೆ ಅವನು ತಡೆದಷ್ಟೇ ಹೊತ್ತು, ಅವನು ತಡೆದಂತೆಯೇ. "ನಮ್ಮ ಗಾಡಿ ಹೋತು. ಇನ್ನ ನಿಮ್ಮ ಮನಿಗಿ ನೀವು, ನಮ್ಮ ಮನಿಗಿ ನಾವು."

ತನ್ನ ಹದಿನೆಂಟರ ದನಿ ಅರವತ್ತಾರರ ಬಾಯಲ್ಲಿ ಒಂದಕ್ಷರ ಸವೆಯದೆ ಕೂತಿರುವುದನ್ನು ಶಂಕರಲಿಂಗ ಕೇಳಿದ. ಹಿತ್ತಾಳೆಯ ಮೇಲೆ ಕೊರೆದದ್ದೂ ಇಷ್ಟು ಉಳಿಯುವುದಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಹತ್ತು ವರ್ಷಕ್ಕೆ ಮಸುಕಾಗುತ್ತದೆ.

"ಅದಕಿಂತ ಇದ ಚಲೋ ಬಿಡ್ರಿ," ಎಂದಳು ಉಮಾಶ್ರೀ.

"ಚಲೋ ಇರಬಹುದು. ಖರೇ ಅಲ್ಲ. ಈಗಿನವರಿಗಿ ಅಳಾಕ ಧೈರ್ಯಾ ಸಾಲೂದಿಲ್ಲ. ಕೇಳು ನಿಮ್ಮ ಮಾವನ್ನ, ಅರ್ಥಾ ಹೇಳಿದಾಂವ ಅಂವನ ಅಲ್ಲೇನು."

ಇಬ್ಬರೂ ಅವನ ಕಡೆ ನೋಡಿದರು. ಅವನು ಇಡೀ ದಿನ ಹೆದರಿದ್ದು ನಡೆಯಲೇ ಇಲ್ಲ. ಸುಳ್ಳು ಗೆದ್ದಿತ್ತು. ಹೌದು ಎಂದು ತಲೆಯಾಡಿಸಿದರೆ ಸಾಕು. ಅಂಗಡಿಗೆ ಹೋಗಬಹುದು, ಸಂಜೆ ಮಠಕ್ಕೆ ಹೋಗಬಹುದು. ಹೊಸ ಸಿನೆಮಾದವರು ಹಾಳು ಮಾಡಿದರೆಂಬ ಬೈಗುಳದಲ್ಲಿ ಎಲ್ಲ ಮುಗಿಯುತ್ತಿತ್ತು. ವೈನಿ ಅವನ ಉತ್ತರಕ್ಕೆ ಕಾಯುತ್ತಲೂ ಇರಲಿಲ್ಲ. ಆಗಲೇ ಬೇಳೆಯಲ್ಲಿ ಒಂದು ಹರಳು ಹಿಡಿದಿದ್ದಳು. ಅಷ್ಟು ನಂಬಿಕೆ.

"ಅದರಾಗೂ ಹಿಂಗ ಅಂದಿದ್ಲು ವೈನಿ," ಎಂದ.

"ಹೆಂಗ?"

"ನಾಳಿ ಗಾಡಿಗಿ ಇಬ್ಬರೂ ಕೂಡಿ ಹೋಗೂಣು ಅಂತ. ನಾನ ಬ್ಯಾರೆ ಹೇಳಿದ್ನಿ."

ಟೀವಿಯಲ್ಲಿ ಹೆಸರುಗಳು ಮೇಲೆ ಹೋಗುತ್ತಿದ್ದವು. ಉಮಾಶ್ರೀ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿ, ಏನೂ ತಿಳಿಯದೆ, ತಿಳಿಯಬಾರದ್ದೇನೋ ಇದೆ ಎಂಬಷ್ಟು ಮಾತ್ರ ತಿಳಿದು, ಚಹಾ ಇಡುತ್ತೇನೆಂದು ಒಳಗೆ ಹೋದಳು. ವೈನಿ ಯಾಕೆ ಎಂದು ಕೇಳಲಿಲ್ಲ. ಯಾಕೆ ಎಂದು ಕೇಳುತ್ತಾಳೆಂದು ನಲವತ್ತೊಂದು ವರ್ಷದಲ್ಲಿ ಅವನು ಹತ್ತಾರು ಉತ್ತರ ಸಿದ್ಧಮಾಡಿ ಇಟ್ಟಿದ್ದ. ಅವೆಲ್ಲ ಕೆಲಸಕ್ಕೆ ಬಾರದೆ ಬಾಯಲ್ಲಿ ಉಳಿದವು.

"ಅಂವ ಏನಂದ?" ಎಂದು ಕೇಳಿದಳು.

"ಯಾರು?"

"ಗುಮಾಸ್ತ. ಅಕಿ ಹಂಗಂದ ಮ್ಯಾಲ."

"ಏನೂ ಅನ್ನಲಿಲ್ಲ. ನಡಕಿದ್ದ ಛತ್ರಿ ತಗದು ಆ ಕಡೆ ಇಟ್ಟ. ಅಷ್ಟ."

"ಹ್ಞಾ." ವೈನಿ ಹರಳನ್ನು ಅಂಗೈಯಲ್ಲಿಟ್ಟು ನೋಡಿದಳು. "ಅದನ್ನ ನಾ ನೋಡಿದ್ನಿ. ಛತ್ರಿ ತಗದಿಟ್ಟಿದ್ದು ನೋಡಿದ್ನಿ ಶಂಕ್ರಪ್ಪಾ. ಅವರವರ ಮನಿಗಿ ಹೋಗವ್ರು, ಮತ್ತ ಛತ್ರಿ ಯಾಕ ಆ ಕಡೆ ಇಟ್ಟ ಅಂತ ಭಾಳ ದಿನಾ ವಿಚಾರ ಮಾಡೀನಿ. ಎಮ್ಮಿ ಹಿಂಡೂವಾಗ, ರೊಟ್ಟಿ ಬಡಿಯೂವಾಗ. ತಿಳೀಲಿಲ್ಲ. ಅರ್ಥಾ ಹೇಳಿದಾಂವ ನೀ ಇದ್ದೆಲ್ಲ. ನಾ ನೋಡಿದ್ದ ತಪ್ಪಿರಬೇಕು ಅಂದ್ಕೊಂಡ್ನಿ."

ಅವಳು ಎದ್ದು, ಬೇಳೆಯನ್ನು ಡಬ್ಬಿಗೆ ಸುರಿದು, ಹರಳುಗಳನ್ನು ಅಂಗಳಕ್ಕೆ ಎಸೆದು ಬಂದಳು. ಉಮಾಶ್ರೀ ತಂದ ಚಹಾ ಕುಡಿದಳು. ಶಂಕರಲಿಂಗ ತನ್ನ ಬಟ್ಟಲನ್ನು ಹೌದಿಗೆ ಒಯ್ದು ತೊಳೆದ. ತೊಳೆದ ಮೇಲೆ ಎಲ್ಲಿ ಇಡಬೇಕೆಂದು ತಿಳಿಯದೆ, ಒರಸಿ, ಅಲ್ಲಿಯೇ ಬೋರಲು ಹಾಕಿದ. ವೈನಿ ಬಾಗಿಲಲ್ಲಿ ನಿಂತು ನೋಡಿದಳು.

"ಹೊತ್ತಾತು," ಎಂದಳು. "ಮಠಕ್ಕ ಹೋಗು. ಮಂದಿ ಕಾಯ್ತಿರತಾರ."

ಶ್ರಾವಣವಾದ್ದರಿಂದ ಸಂಜೆ ಮಠದ ಪಡಸಾಲೆ ಎಂದಿನಂತೆ ತುಂಬಿತ್ತು. ಅಪ್ಪಾಸಾಬ ಮಾಸ್ತರರು ಪುಸ್ತಕದ ಅರಿವೆ ಬಿಚ್ಚಿ, ಹಣೆಗೆ ಒತ್ತಿಕೊಂಡು, ಗಂಟಲು ಸರಿಮಾಡಿಕೊಂಡರು. ವೈನಿ ಬರಲಾರಳೆಂದು ಅವನು ಅಂದುಕೊಂಡಿದ್ದ. ಬಂದಳು. ಆದರೆ ದಿನವೂ ಕೂರುವಲ್ಲಿ, ಅರ್ಥ ಹೇಳುವವನ ಮುಖ ನೇರ ಕಾಣುವ ಜಾಗದಲ್ಲಿ ಕೂರಲಿಲ್ಲ. ಹೆಂಗಸರನ್ನು ದಾಟಿಕೊಂಡು ಮುಂದೆ ಹೋಗಿ, ಓದುವವರ ಎದುರಿಗೆ, ಪುಸ್ತಕಕ್ಕೆ ಮಾರು ದೂರದಲ್ಲಿ ಕೂತಳು. ಮಾಸ್ತರರು ಪದ್ಯ ಎತ್ತಿದರು. ರಾಗ ಏರಿ, ತಿರುಗಿ, ಇಳಿದು ನಿಂತಿತು. ಜನ ರೂಢಿಯಂತೆ ಶಂಕರಲಿಂಗನ ಕಡೆಗೆ ತಿರುಗಿದರು. ವೈನಿ ತಿರುಗಲಿಲ್ಲ. ಅವಳ ತುಟಿಗಳು ಅಲುಗುತ್ತಿದ್ದವು. ಕೇಳಿದ ಪದ್ಯವನ್ನೇ, ಒಂದೊಂದು ಪದವನ್ನು ಬಿಡಿಸಿಕೊಂಡು, ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅರ್ಥ ಅವನಿಗೆ ಬಾಯಿಪಾಠವಿತ್ತು. ಹನ್ನೆರಡು ವರ್ಷ ಹೇಳಿದ ಅರ್ಥ. ಬಾಯಿ ತೆರೆದ, ನಾಲಿಗೆ ಏಳಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ಪದ್ಯ ಅವನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡು ಮಾಸ್ತರರು ಕನ್ನಡಕ ಮೇಲೇರಿಸಿ, ಬೆರಳನ್ನು ಸಾಲಿನ ಮೊದಲಿಗೆ ಒಯ್ದು, ಅದೇ ಪದ್ಯವನ್ನು ಇನ್ನೊಮ್ಮೆ ಓದಿದರು.